ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಲು
ಮರಿ ಬೇಡದಿದ್ದಾಗ ಕೋಳಿ ಕಾವಿಗೆ ಕೂತು ಹಠ ಹಿಡಿದರೆ, ತಳಕ್ಕೂ ತಂತಿ ಜಾಲರಿ ಇರುವ ಪಂಜರದಲ್ಲಿ 3 ದಿನ ಇಡಿ. ಪಂಜರ ಇಟ್ಟಿಗೆ ಮೇಲೆ, ನೆರಳಲ್ಲಿ, ಆದರೆ ಬೆಳಕಿರುವ ಕಡೆ ಇರಲಿ. ಕೆಳಗಿನಿಂದ ಗಾಳಿ ಆಡಬೇಕು. ನೀರು, ಕಾಳು ಧಾರಾಳವಾಗಿ ಕೊಡಿ. ಹಾಸಲು ಹುಲ್ಲು ಮಾತ್ರ ಒಂದು ಎಸಳೂ ಬೇಡ. ಕಾವಿನ ಕೋಳಿಯ ಹೊಟ್ಟೆಯಡಿ ಕೈ ಹಾಕಿ ನೋಡಿ (ಕುಕ್ಕಿಸಿಕೊಳ್ಳಲು ತಯಾರಾಗಿ!), ಪುಕ್ಕ ಉದುರಿ ಬರೀ ಚರ್ಮ, ಬಿಸಿ ಬಿಸಿ. ಬೆಚ್ಚಗಿನ ಕತ್ತಲೆ ಗೂಡು ತಪ್ಪಿ ಆ ಹೊಟ್ಟೆಗೆ ಗಾಳಿ ತಾಗಿದರೆ ಕಾವಿನ ಹಾರ್ಮೋನ್ ಇಳಿಯುತ್ತದೆ. ಮೂರನೇ ದಿನ ಬಿಟ್ಟು ನೋಡಿ. ಬೇರೆ ಕೋಳಿಗಳ ಜೊತೆ ಮಣ್ಣು ಕೆದಕಿದರೆ ಸರಿಹೋಯಿತು. ನೇರ ಗೂಡಿಗೆ ಓಡಿದರೆ ಇನ್ನೆರಡು ದಿನ ಪಂಜರ. ಮೊಟ್ಟೆ ಮಾತ್ರ ಮರುದಿನವೇ ಸಿಗಲ್ಲ, ವಾರದ ಮೇಲೇ ಬೇಕು. ವಾರಗಟ್ಟಲೆ ಕೂತು ಬಿಟ್ಟ ಕೋಳಿಗೆ ಇದು ಅಷ್ಟು ಬೇಗ ನಾಟಲ್ಲ. ಕೆಲವು ತಳಿಗಳಂತೂ ಏನು ಮಾಡಿದರೂ ಕೇಳಲ್ಲ. ಅಂಥದ್ದಕ್ಕೆ ಹುಂಜದ ಜೊತೆ ಕೂಡಿದ ಕೋಳಿಯ ನಾಲ್ಕು ಮೊಟ್ಟೆ ಇಟ್ಟು ಮರಿ ಮಾಡಿಸೋದೇ ವಾಸಿ. ತಣ್ಣೀರಲ್ಲಿ ಅದ್ದೋದು ಬೇಡ, ಸುಮ್ನೆ ಹಿಂಸೆ.