ಪಂಪ್ ಶೆಡ್ಡಿನ ನೋಡ್ ಯಾಕೆ ಮೊದಲು ಸಾಯುತ್ತಿತ್ತು

ನಮ್ಮ ತೋಟ ತೀರ್ಥಹಳ್ಳಿ ಕಡೆಯ ಒಂದು ಕಣಿವೆಯಲ್ಲಿದೆ. ನಾಲ್ಕು ಎಕರೆಯಷ್ಟು ಅಡಿಕೆ. ಮನೆ ಮೇಲೆ, ತೋಟ ಕೆಳಗೆ, ನಡುವೆ ಸೊಪ್ಪಿನ ಬೆಟ್ಟದ ದಿಬ್ಬ. ಅಲ್ಲಿ ಮಣ್ಣಿನ ತೇವ ಅಳೆದು ರೇಡಿಯೋ ಮೂಲಕ ಮನೆಗೆ ತಿಳಿಸುವ 22 ಪುಟ್ಟ ಯಂತ್ರಗಳು, ಅಂದರೆ ನೋಡ್‌ಗಳು, ಹದಿನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿವೆ. ಅವುಗಳಲ್ಲಿ 19 ಇನ್ನೂ ಮೊದಲು ಹಾಕಿದ ಸೆಲ್‌ನಲ್ಲೇ ಓಡುತ್ತಿವೆ. ಆಗುವುದಿಲ್ಲ ಎಂದವರು ಬಹಳ ಜನ ಇದ್ದರು. ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ವೈಫೈ ಬೋರ್ಡ್‌ಗಳ ಮೇಲೆ ಹದಿನೆಂಟು ಸಾವಿರದಷ್ಟು ಕಳೆದುಕೊಂಡ ಕಥೆಯನ್ನು ಬಿಡುತ್ತೇನೆ, ಈ ಕೆಲಸಕ್ಕೆ ಇಳಿದ ಪ್ರತಿಯೊಬ್ಬರೂ ಅದನ್ನು ಅನುಭವಿಸಿದ್ದಾರೆ. ಈಗಿನದು 3.3 ವೋಲ್ಟ್‌ನ ಆರ್ಡುಯಿನೊ ಪ್ರೊ ಮಿನಿ ಬೋರ್ಡ್, ಎಸ್‌ಎಕ್ಸ್ 1276 ಲೋರಾ ಮಾಡ್ಯೂಲ್ (ಕಡಿಮೆ ಶಕ್ತಿಯಲ್ಲಿ ದೂರ ಮುಟ್ಟುವ ರೇಡಿಯೋ), ಒಂದು 2600 ಎಂಎಎಚ್ ಸೆಲ್. ಡಬ್ಬಿ, ಆಂಟೆನಾ ಎಲ್ಲ ಸೇರಿ ಒಂದಕ್ಕೆ ಸಾವಿರದ ಇನ್ನೂರರ ಆಸುಪಾಸು ಬಿತ್ತು.

ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ನಮ್ಮ ಭಾವ ಮೊದಲೇ ಹೇಳಿದ್ದರು: 'ರೂಟಿಂಗ್ ಗೀಟಿಂಗ್ ಎಲ್ಲ ಯಾಕೆ ಮಾರಾಯ, ಎಲ್ಲವನ್ನೂ ಎಸ್‌ಎಫ್ 12ಕ್ಕೆ ಇಡು, ನೇರ ಮನೆಗೆ ಬರುತ್ತದೆ.' ರೂಟಿಂಗ್ ಎಂದರೆ ಒಂದು ನೋಡ್ ಇನ್ನೊಂದಕ್ಕೆ ದಾಟಿಸುತ್ತ ಮನೆ ಮುಟ್ಟಿಸುವುದು. ಎಸ್‌ಎಫ್ ಎಂದರೆ ಲೋರಾದ ಸ್ಪ್ರೆಡಿಂಗ್ ಫ್ಯಾಕ್ಟರ್; ಅಂಕಿ ಏರಿದಂತೆ ಮಾತು ದೂರ ಮುಟ್ಟುತ್ತದೆ, ಆದರೆ ನಿಧಾನ. ಅವರು ಹೇಳಿದ ಹಾಗೇ ಇಟ್ಟು ನೋಡಿದೆ. ಇಪ್ಪತ್ತು ಬೈಟ್ ಕಳುಹಿಸಲು ಎಸ್‌ಎಫ್ 7ರಲ್ಲಿ 60 ಮಿಲಿಸೆಕೆಂಡ್ ಕೂಡ ಬೇಡ; ಎಸ್‌ಎಫ್ 12ರಲ್ಲಿ 1.3 ಸೆಕೆಂಡ್ ಹಿಡಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ಪಟ್ಟು. ಅಂದರೆ ಎಸ್‌ಎಫ್ 7ರಲ್ಲಿ ಮೂರು ಸಲ ಕೈಬದಲಾಯಿಸಿ ಕಳುಹಿಸಿದರೂ ಲಾಭವೇ. ಅದೂ ಅಲ್ಲದೆ ಹಳ್ಳದ ಅಂಚಿನ ನಾಲ್ಕು ನೋಡ್‌ಗಳ ಮಾತು ಎಸ್‌ಎಫ್ 12ರಲ್ಲೂ ಮನೆಗೆ ಕೇಳಿಸಲಿಲ್ಲ.

ಹೀಗಾಗಿ ಲೀಚ್ (LEACH) ಎಂಬ ರೂಟಿಂಗ್ ಪದ್ಧತಿಯನ್ನು ಪ್ರಯತ್ನಿಸಿದೆ. ವೆಂಡಿ ಹೈನ್ಜೆಲ್‌ಮನ್ ಮತ್ತು ಸಂಗಡಿಗರು 2000ದಲ್ಲಿ ಮಂಡಿಸಿದ್ದು, ಗುಂಪಿನ ಲೆಕ್ಕವೆಲ್ಲ ಒಟ್ಟುಮಾಡಿ ಕೇಂದ್ರಕ್ಕೆ ಕಳುಹಿಸುವ ಮುಖಂಡತ್ವ ಸರದಿಯಂತೆ ಬದಲಾಗುವ ಪದ್ಧತಿ. ಸೊಗಸಾದ ವಿಚಾರ. ಆದರೆ ಸರದಿ ಬಂದ ನೋಡ್ ಯಾವುದೇ ಆಗಲಿ, ಶಕ್ತಿ ಹೆಚ್ಚಿಸಿದರೆ ಕೇಂದ್ರವನ್ನು ಮುಟ್ಟಬಲ್ಲದು ಎಂಬುದು ಅದರ ಆಧಾರ. ನಮ್ಮಲ್ಲಿ ಹಳ್ಳದ ನೋಡ್ ಮುಖಂಡನಾದ ದಿನ ಅದರ ಗುಂಪಿನ ಲೆಕ್ಕವೆಲ್ಲ ಹಳ್ಳದಲ್ಲೇ ಉಳಿಯಿತು. ಎರಡು ವಾರಕ್ಕೆ ಕೈಬಿಟ್ಟೆ.

ಮೂರನೆಯ ಸಲ ಮಾಡಿದ್ದು ಎಲ್ಲರೂ ಮಾಡುವಂಥದ್ದು: ಯಾರ ಸಿಗ್ನಲ್ ಚೆನ್ನಾಗಿದೆಯೋ ಅವರ ಮೂಲಕ ಕಳುಹಿಸು. ದಿಬ್ಬದ ಬಾಯಲ್ಲಿರುವ ಪಂಪ್ ಶೆಡ್ಡಿನಿಂದ ಮನೆಯೂ ಕಾಣುತ್ತದೆ, ತೋಟವೂ ಕಾಣುತ್ತದೆ. ಹದಿನೈದು ನೋಡ್‌ಗಳು ಅದಕ್ಕೇ ಜೋತುಬಿದ್ದವು. ನಲವತ್ತು ದಿನಕ್ಕೆ ಅದು ಸತ್ತಿತು. ಉಳಿದವುಗಳ ಸೆಲ್ 4 ವೋಲ್ಟ್ ತೋರಿಸುತ್ತಿದ್ದರೂ ಮನೆಗೆ ಒಂದಕ್ಷರ ಬರಲಿಲ್ಲ. ಸೆಲ್ ಬದಲಿಸಿದೆ, ಮತ್ತೆ ನಲವತ್ತು ದಿನ. ಜುಲೈ ಮಳೆಯಲ್ಲಿ ಉಂಬಳ ಕೀಳುತ್ತ, ಕೊಡೆಯನ್ನು ಕುತ್ತಿಗೆಗೆ ಒತ್ತಿ ಹಿಡಿದು ಡಬ್ಬಿಯ ತಿರುಪು ಬಿಚ್ಚುವುದು ಎರಡನೆಯ ಸಲಕ್ಕೆ ಸಾಕಾಗಿತ್ತು.

ಆಗ ಕುಳಿತು ಲೆಕ್ಕ ಹಾಕಿದೆ. ಖರ್ಚು ಕಳುಹಿಸುವುದರಲ್ಲಿ ಇರಲೇ ಇಲ್ಲ. ಕಳುಹಿಸುವಾಗ 90 ಮಿಲಿಆಂಪಿಯರ್ ಎಳೆದರೂ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕಾಯುತ್ತ ಕೂರುವಾಗ ಎಳೆಯುವುದು ರೇಡಿಯೋ, ಚಿಪ್ ಸೇರಿ 15. ಆದರೆ ಪಂಪ್ ಶೆಡ್ಡಿನ ನೋಡ್ ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕಾಯುತ್ತಿತ್ತು. ದಿನಕ್ಕೆ 60 ಎಂಎಎಚ್ ಹೋಯಿತು, ನಲವತ್ತು ದಿನದ ಗುಟ್ಟು ಅದೇ. ಅಷ್ಟು ಕಾಯಬೇಕಾದದ್ದು ಯಾಕೆಂದರೆ ಚಿಪ್‌ನೊಳಗಿನ ವಾಚ್‌ಡಾಗ್ ಗಡಿಯಾರವನ್ನು ನಂಬುವಂತಿರಲಿಲ್ಲ, ಉಳಿದ ನೋಡ್‌ಗಳು ಯಾವಾಗ ಎದ್ದು ಕಳುಹಿಸುತ್ತವೆ ಎಂದು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಬೆಳಗಿನ ಚಳಿಗೆ ಒಂದು ಥರ, ಮಧ್ಯಾಹ್ನದ ಬಿಸಿಗೆ ಇನ್ನೊಂದು ಥರ.

ಪ್ರತಿ ನೋಡ್‌ಗೂ ಡಿಎಸ್ 3231 ಎಂಬ ನಿಖರ ಗಡಿಯಾರದ ಚಿಪ್ ಹಾಕಿದೆ, ಶಕ್ತಿ ಉಳಿಸಲು ಅದರ ಮುಖ್ಯ ವಿದ್ಯುತ್ ಕಾಲಿಗೆ (ವಿಸಿಸಿ) ಏನೂ ಕೊಡದೆ ಬ್ಯಾಟರಿ ಕಾಲಿನಿಂದಲೇ ನಡೆಸಿದೆ. ಅತಿ ಅಗ್ಗಕ್ಕೆ ತರಿಸಿದ ಮೊದಲ ಹತ್ತರಲ್ಲಿ ಮೂರು ನಕಲಿ, ದಿನಕ್ಕೆ ಐದಾರು ಸೆಕೆಂಡ್ ತಪ್ಪುತ್ತಿದ್ದವು; ಅವನ್ನು ಎಸೆದೆ. ಒಳ್ಳೆಯವು ದಿನಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವೂ ಜಾರುವುದಿಲ್ಲ. ಈಗ ಮನೆಯಿಂದ ಅತಿ ದೂರದ ಸುತ್ತಿನ ನೋಡ್‌ಗಳು ಮೊದಲು ಏಳುತ್ತವೆ, ತಮ್ಮ ತಮ್ಮ ಪಾಳಿಯಲ್ಲಿ ಕಳುಹಿಸಿ ಮಲಗುತ್ತವೆ. ಅವುಗಳ ಮಾತು ಕೇಳಿದ ಎರಡನೆಯ ಸುತ್ತು ತನ್ನದನ್ನೂ ಸೇರಿಸಿ ಒಂದೇ ಪ್ಯಾಕೆಟ್ ಕಟ್ಟಿ ಮುಂದೆ ದಾಟಿಸುತ್ತದೆ. ಒಂದು ನೋಡ್‌ನ ತೇವಕ್ಕೆ ಒಂದೇ ಬೈಟ್. ಪ್ರತಿ ಅರ್ಧ ಗಂಟೆಗೆ ಕಾಯುವ ಹೊತ್ತು ಐದು ನಿಮಿಷದಿಂದ ಮೂರು ಸೆಕೆಂಡಿಗೆ ಇಳಿಯಿತು.

ಇನ್ನು ದಾರಿ ಆಯುವ ವಿಷಯ. ಮೊದಲು ಸೆಲ್‌ನ ವೋಲ್ಟೇಜ್ ನೋಡಿ ದಾರಿ ಬದಲಿಸುತ್ತಿದ್ದೆ. ಲಿಥಿಯಂ ಸೆಲ್‌ಗೆ ಅದು ಕೆಲಸಕ್ಕೆ ಬಾರದು, ನಡುವಿನ ಬಹುಭಾಗ ವೋಲ್ಟೇಜ್ ಇಳಿಯುವುದು ಬಹಳ ನಿಧಾನ. ಆದ್ದರಿಂದ ಪ್ರತಿ ನೋಡ್ ತನ್ನ ಖರ್ಚಿನ ಖಾತೆಯನ್ನು ತಾನೇ ಬರೆದಿಡುತ್ತದೆ: ಎಷ್ಟು ಮಿಲಿಸೆಕೆಂಡ್ ಕಳುಹಿಸಿದೆ, ಎಷ್ಟು ಕಾದೆ. ಆ ಮೊತ್ತವನ್ನು ಉತ್ತರದ ಜೊತೆ ಹೇಳುತ್ತದೆ. ಸಿಗ್ನಲ್ ಸಾಕಷ್ಟಿರುವವರಲ್ಲಿ ಕಡಿಮೆ ಖರ್ಚಾದವನನ್ನು ಕೆಳಗಿನವರು ಆಯುತ್ತಾರೆ. ಇಲ್ಲೂ ಒಂದು ಗುಂಡಿ ಇದೆ, ಎಲ್ಲರೂ ಒಟ್ಟಿಗೆ ಇತ್ತಿಂದತ್ತ ಜಿಗಿಯುತ್ತಾರೆ, ಮಾರನೆಯ ದಿನ ಅತ್ತಿಂದಿತ್ತ. ಅದನ್ನು ತಡೆದ ಬಗೆ ನನ್ನ ಎರಡು ತಿಂಗಳ ನಿದ್ದೆಗೆಟ್ಟ ಸಂಪಾದನೆ, ಸದ್ಯಕ್ಕೆ ನನ್ನಲ್ಲೇ ಇರಲಿ. ದಾರಿ ತಪ್ಪಿದ ನೋಡ್ ಎಷ್ಟು ಹೊತ್ತು ಹುಡುಕಬೇಕು ಎಂಬುದಕ್ಕೆ ಮಿತಿ ಹಾಕಿ ಎಂದು ಮಾತ್ರ ಹೇಳುತ್ತೇನೆ. ಮಿತಿ ಇಲ್ಲದೆ ರೇಡಿಯೋ ತೆರೆದೇ ಇಟ್ಟು ನನ್ನ ಮೂರು ನೋಡ್‌ಗಳು ಒಂದೇ ವಾರದಲ್ಲಿ ಖಾಲಿಯಾದವು.

ನಡುವೆ ಕೈ ಹಾಕಿದ ಬೇರೆ ಕೆಲಸಗಳೂ ಇವೆ. ಔಷಧಿ ಹೊಡೆಯುವ ಕಾರ್ಬನ್ ದೋಟಿಗೆ ಆಂಟೆನಾ ಕಟ್ಟಿ ಮರದ ತಲೆಯವರೆಗೆ ಎತ್ತಿದೆ. ದೋಟಿಯೇ ಸಿಗ್ನಲ್ ನುಂಗಿತು. ಬಿದಿರಿನ ಗಳಕ್ಕೆ ಕಟ್ಟಿದಾಗ ಚೆನ್ನಾಗಿ ಬಂತು, ಆದರೆ ಮಂಗಗಳು ಮೂರನೆಯ ದಿನ ಕಿತ್ತವು. ಸೌರಫಲಕಕ್ಕೆ ಎರಡೂವರೆ ಸಾವಿರ ಸುರಿದೆ. ಅಡಿಕೆ ನೆರಳಲ್ಲಿ ಬಿಸಿಲೆಲ್ಲಿ? ಮಳೆಗಾಲ ಮುಗಿಯುವಷ್ಟರಲ್ಲಿ ಗಾಜಿನ ಮೇಲೆ ಹಸಿರು ಪಾಚಿ ಕಟ್ಟಿತ್ತು. ಒಂದು ಡಬ್ಬಿ ತೆರೆದಾಗ ತಂತಿ ಹೋಗುವ ತೂತಿನಿಂದ ಸೆಲ್‌ನ ಬುಡದವರೆಗೆ ಇರುವೆಗಳು ಬಿಳಿ ಮೊಟ್ಟೆ ಪೇರಿಸಿಟ್ಟಿದ್ದವು. ಆ ತೂತಿಗೆ ಈಗ ಜೇನುಮೇಣ ಮೆತ್ತುತ್ತೇನೆ.

ಮಳೆಗಾಲದಲ್ಲಿ ಸೋಗೆಯೆಲ್ಲ ನೆನೆದಾಗ ಸಿಗ್ನಲ್ ಎಂಟು ಹತ್ತು ಡೆಸಿಬೆಲ್ ಇಳಿಯುತ್ತದೆ. ಹಳ್ಳದ ಎರಡು ನೋಡ್‌ಗಳನ್ನು ಜೂನ್‌ನಿಂದ ಎಸ್‌ಎಫ್ 9ಕ್ಕೆ ಏರಿಸಿ ಅಕ್ಟೋಬರ್‌ನಲ್ಲಿ ಇಳಿಸುತ್ತೇನೆ.

ಭಾವ ಕಳೆದ ತಿಂಗಳು ಬಂದು ಖಾತೆಗಳನ್ನೆಲ್ಲ ತೆರೆದು ನೋಡಿದರು, ತಮ್ಮ ಕೆಲಸಕ್ಕೂ ಇದೇ ಬೇಕು ಎಂದರು. ಸದ್ಯ ಪಕ್ಕದ ಮನೆಯವರ ತೋಟಕ್ಕೆ ಹಾಕುತ್ತಿದ್ದೇನೆ. ಅಲ್ಲಿ ತೊಡಕು ಬೇರೆ: ಮನೆಯನ್ನು ಕಾಣುವ ಜಾಗ ಒಂದೇ ಒಂದು, ಆಯ್ಕೆಗೆ ಎರಡನೆಯ ದಾರಿಯೇ ಇಲ್ಲ. ಅಲ್ಲಿ ಖಾತೆಯಿಂದ ಉಪಯೋಗವಿಲ್ಲ. ಆ ಒಂದು ನೋಡ್‌ಗೆ ನಾಲ್ಕು ಸೆಲ್ ಜೋಡಿಸಿ ದೊಡ್ಡ ಡಬ್ಬಿಯಲ್ಲಿ ಇಡುತ್ತಿದ್ದೇನೆ.