ಲೆಕ್ಕದವ್ರು ಮೀಟಿಂಗಲ್ಲಿ ಮಾತಾಡೋ ಹಾಗೆ ಆಗೋಕೆ: ಶಿರಸಿ ಕಡೆ ಕೋಚಿಂಗ್ ಮಾಡಿದ ನನ್ನ ಅನುಭವ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಸಹಕಾರಿ ಸೊಸೈಟಿ ಅಕೌಂಟೆಂಟ್‌ಗಳಿಗೆ, ಬ್ಯಾಂಕಿನ ಲೋನ್ ಆಫೀಸರ್‌ಗಳಿಗೆ, ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ ಸಿಎಗಳಿಗೆ ನಾನು ಕೋಚಿಂಗ್ ಮಾಡ್ತೀನಿ. ನಾನೂ ಮೂಲದಲ್ಲಿ ಆಡಿಟ್ ಕೆಲಸದವ್ನೇ. ಇಷ್ಟು ವರ್ಷ ನೋಡಿದ್ರಲ್ಲಿ ನಂಗೆ ಖಾತ್ರಿ ಆಗಿದ್ದು ಏನಂದ್ರೆ ಈ ಫೀಲ್ಡಲ್ಲಿ ಧೈರ್ಯ ಸಾಲದೇ ಇರೋವ್ರು ಕೆಲಸ ಬರದೇ ಇರೋವ್ರಲ್ಲ. ಟ್ರಯಲ್ ಬ್ಯಾಲೆನ್ಸ್, ಅಂದ್ರೆ ಎಲ್ಲ ಖಾತೆಗಳ ಡೆಬಿಟ್-ಕ್ರೆಡಿಟ್ ಪಟ್ಟಿ, ಪೈಸೆ ಪೈಸೆ ತಾಳೆ ಮಾಡ್ತಾರೆ, ಆದ್ರೆ ಆಡಳಿತ ಮಂಡಳಿ ಮೀಟಿಂಗಲ್ಲಿ ಅಧ್ಯಕ್ಷರು "ಸುಸ್ತಿ ಯಾಕೆ ಜಾಸ್ತಿ ಆಯ್ತು" (ಗಡುವು ದಾಟಿದ್ರೂ ಕಟ್ಟದ ಸಾಲ) ಅಂತ ಕೇಳಿದ್ರೆ ಫೈಲನ್ನ ಮೆಲ್ಲಗೆ ಸೆಕ್ರೆಟರಿ ಕಡೆ ಸರಿಸ್ತಾರೆ. ಅಂಕಿಗೆ ವೋಚರ್, ಅಂದ್ರೆ ಆಧಾರದ ಚೀಟಿ, ಇರತ್ತೆ, ಅಭಿಪ್ರಾಯಕ್ಕೆ ವೋಚರ್ ಇರಲ್ಲ, ತಪ್ಪಾಗಬಾರ್ದು ಅಂತಲೇ ಪಳಗಿದವ್ರಿಗೆ ವೋಚರ್ ಇಲ್ದೇ ಬಾಯಿ ತೆಗೆಯೋದು ಅಂದ್ರೆ ಎದೆ ಹೊಡ್ಕೊಳ್ಳತ್ತೆ.

ಹಾಗಾಗಿ ಸ್ಟೇಜ್ ಮೇಲೆ ಹೇಗೆ ನಿಲ್ಬೇಕು, ಕೈ ಎಲ್ಲಿಡ್ಬೇಕು ಅನ್ನೋದನ್ನೆಲ್ಲ ನಾನು ಹೇಳ್ಕೊಡಲ್ಲ. ಒಂದೇ ಪ್ರಶ್ನೆ ಕೇಳ್ತೀನಿ: ಈ ಅಂಕಿ ನೋಡಿ ಮಂಡಳಿ ಏನ್ ಮಾಡ್ಬೇಕು ಅಂತ ನಿಮಗೆ ಅನ್ಸತ್ತೆ? ಕೇಳಿ ಸುಮ್ನೆ ಕೂತ್ಕೊಳ್ತೀನಿ. ಇದೇ ಕಷ್ಟದ ಭಾಗ, ಎದುರಿಗಿದ್ದವ್ರು ತಡವರಿಸುವಾಗ ಉತ್ತರ ನಂಗೆ ಗೊತ್ತಿದ್ರೂ ಹೇಳಬಾರ್ದು.

ಒಂದು ಹಳ್ಳಿ ಸೊಸೈಟಿಯ ಅಕೌಂಟೆಂಟ್ ಹುಡುಗಿ ಮೊದ್ಲು "ಸರ್, ಅದು ಸೆಕ್ರೆಟರಿಯವ್ರು ಹೇಳ್ಬೇಕು" ಅಂದ್ಳು. ಮತ್ತೆ ಕೇಳ್ದೆ. ನಿಧಾನಕ್ಕೆ ಬಂತು ನೋಡಿ: ಬೆಳೆಸಾಲ ಗಡುವಿನೊಳಗೆ ಕಟ್ಟಿದ್ರೆ ಮಾತ್ರ ಬಡ್ಡಿ ಇಲ್ಲ, ಮೊದ್ಲು 3 ಲಕ್ಷದವರೆಗೆ ಇದ್ದಿದ್ದು 2023-24ರ ರಾಜ್ಯ ಬಜೆಟ್ಟಲ್ಲಿ 5 ಲಕ್ಷ ಆಯ್ತು, ಆ ರಿಯಾಯ್ತಿ ತಪ್ಪಬಾರ್ದು ಅಂತ ಸದಸ್ಯರು ಅದನ್ನ ಹೇಗಾದ್ರೂ ಕಟ್ತಾರೆ, ಹಿಂದೆ ಬೀಳೋದು ಮಧ್ಯಮಾವಧಿ ಸಾಲದ ಕಂತು, ಅದೂ ಅಡಿಕೆಗೆ ಕೊಳೆ ರೋಗ, ಎಲೆಚುಕ್ಕಿ ರೋಗ ಜಾಸ್ತಿ ಆದ ಊರುಗಳಲ್ಲೇ ಹೆಚ್ಚು. ನಾವು ನೋಟಿಸ್ ಕಳಿಸೋದು ಮಳೆಗಾಲದಲ್ಲಿ, ಜನರ ಕೈಯಲ್ಲಿ ದುಡ್ಡಿರೋದು ಚಾಲಿ (ಹಣ್ಣಡಿಕೆ) ಒಣಗಿಸಿ ವಖಾರಿಗೆ, ಅಂದ್ರೆ ಅಡಿಕೆ ಮಂಡಿಗೆ, ಹಾಕಿದ ಮೇಲೆ, ಕಂತಿನ ತಾರೀಖನ್ನೇ ಅಲ್ಲಿಗೆ ತಂದ್ರೆ ಹೇಗೆ ಸರ್? ಇದನ್ನ ಅವಳಿಗೆ ಯಾರೂ ಹೇಳ್ಕೊಟ್ಟಿದ್ದಲ್ಲ. ಲೆಡ್ಜರ್ ನೋಡ್ತಾ ನೋಡ್ತಾ ಅವಳಿಗೇ ಹೊಳೆದಿದ್ದು, ಕೇಳಿದವ್ರು ಮಾತ್ರ ಇರ್ಲಿಲ್ಲ. ನನ್ನ ಪ್ರಕಾರ ಲೀಡರ್‌ಶಿಪ್ ಶುರುವಾಗೋದೇ ಇಲ್ಲಿ, ಕುರ್ಚಿ ಸಿಕ್ಕಿದ ಮೇಲಲ್ಲ.

ಆಮೇಲೆ ಅಭ್ಯಾಸ. ನಮ್ಮ ಕಡೆಯವ್ರಿಗೆ ತಾಳಮದ್ದಳೆ ಗೊತ್ತಲ್ಲ, ವೇಷ-ಕುಣಿತ ಇಲ್ದೇ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಅದ್ರಲ್ಲಿ ಪಾತ್ರದ ಮಾತಾಡೋ ಅರ್ಥಧಾರಿ ಬಾಯಿಪಾಠ ಮಾಡ್ಕೊಂಡು ಬರಲ್ಲ, ಪ್ರಸಂಗ ಗಟ್ಟಿ ಇರತ್ತೆ, ಎದುರಿನವ್ರು ಎಲ್ಲಿಂದ ಎಳೆದ್ರೂ ಅಲ್ಲಿಂದಲೇ ಮಾತು ಎತ್ತಿಕೊಳ್ತಾರೆ. ಅದೇ ಕ್ರಮದಲ್ಲಿ ನಾನು ತಕರಾರಿನ ಸದಸ್ಯ ಆಗಿ ಕೂರ್ತೀನಿ, ಡಿವಿಡೆಂಡ್ ಯಾಕೆ ಕಮ್ಮಿ, ನನ್ನ ಕಂತು ಯಾಕೆ ಮುಂದೂಡಲ್ಲ ಅಂತ ಜಗಳಕ್ಕೇ ಹೋಗ್ತೀನಿ. ಬರೆದಿಟ್ಟ ಚೀಟಿ ನೋಡೋ ಹಾಗಿಲ್ಲ. ಉತ್ತರ ಮೂರು ಮಾತಲ್ಲಿ ಮುಗೀಬೇಕು: ಏನಾಗಿದೆ, ಯಾಕಾಗಿದೆ, ಏನ್ ಮಾಡೋಣ. ಸಹಕಾರಿ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್ 25ರೊಳಗೆ ಆಗ್ಬೇಕಲ್ಲ, ಆಗಸ್ಟಲ್ಲಿ ಈ ಅಭ್ಯಾಸ ಜೋರಾಗಿರತ್ತೆ.

ಕೋಚಿಂಗಲ್ಲಿ ಗ್ರೋ (GROW) ಅಂತ ಒಂದು ಮಾದರಿ ಇದೆ, ಜಾನ್ ವಿಟ್ಮೋರ್ ಅನ್ನೋವ್ರಿಂದ ಹೆಸರಾಗಿದ್ದು, ಗುರಿ, ಈಗಿನ ಸ್ಥಿತಿ, ದಾರಿಗಳು, ಮಾಡೋ ಸಂಕಲ್ಪ ಅಂತ ನಾಲ್ಕು ಹಂತ. ಲೆಕ್ಕದವ್ರು ಎರಡನೇದ್ರಲ್ಲೇ ಸಿಕ್ಕಿಹಾಕ್ಕೊಂಡು ಇನ್ನೊಂದು ಸ್ಟೇಟ್‌ಮೆಂಟ್ ತೆಗೀತೀನಿ ಅಂತಿರ್ತಾರೆ, ಅವ್ರನ್ನ ಮೂರನೇದಕ್ಕೆ ದಾಟಿಸೋದ್ರಲ್ಲೇ ನನ್ನ ಹೆಚ್ಚಿನ ಟೈಮ್ ಹೋಗತ್ತೆ.

ಮೇಲಿನವ್ರ ಜೊತೆ ಮಾತಾಡದೇ ನಾನು ಯಾರನ್ನೂ ತಗೊಳಲ್ಲ. ಆ ಹುಡುಗಿ ವಿಷಯದಲ್ಲೂ ಸೆಕ್ರೆಟರಿಗೆ ಮೊದ್ಲೇ ಕೇಳ್ಕೊಂಡಿದ್ದೆ, ಲೆಕ್ಕದ ಪ್ರಶ್ನೆ ಬಂದ್ರೆ ನೀವು ಉತ್ರ ಕೊಡ್ಬೇಡಿ, ಅವಳ ಕಡೆ ತಿರುಗಿ ನೋಡಿ ಸಾಕು ಅಂತ. ಅವ್ರು ಒಪ್ಪಿ ನಡ್ಕೊಂಡಿದ್ದಕ್ಕೇ ಅವಳು ಮಂಡಳಿ ಮುಂದೆ ಕಂತಿನ ವಿಷಯ ಎತ್ತೋಕಾಯ್ತು. ಇನ್ನು ಬ್ಯಾಂಕ್ ರಿಕನ್ಸಿಲಿಯೇಶನ್ನೇ, ಅಂದ್ರೆ ನಮ್ಮ ಪುಸ್ತಕದ ಲೆಕ್ಕ ಬ್ಯಾಂಕ್ ಲೆಕ್ಕದ ಜೊತೆ ತಾಳೆ ನೋಡೋದೇ, ಸರಿಯಾಗಿ ಬರದೇ ಇರೋವ್ರು ಬಂದ್ರೆ ಅವ್ರಿಗೆ ಕೋಚಿಂಗ್ ಬೇಡ ಅಂತೀನಿ, ಮೊದ್ಲು ಯಾರಾದ್ರೂ ಸೀನಿಯರ್ ಹತ್ರ ಕೂತು ಅದನ್ನ ಕಲ್ತು ಬನ್ನಿ ಅಂತ ಹೇಳಿ ಕಳಿಸ್ತೀನಿ.