ಕರಾವಳಿಯಲ್ಲಿ ಒಳ್ಳೆಯ ಮೀನೂಟ ಹುಡುಕುವುದು ಹೇಗೆ?

ಮಂಗಳೂರು, ಉಡುಪಿ, ಮಲ್ಪೆಗೆ ಬಂದವರು ಮೊದಲು ಹೋಟೆಲ್ ಹುಡುಕುತ್ತಾರೆ, ಆಮೇಲೆ ಮೆನುವಿನಲ್ಲಿ ಮೀನು. ಈ ಕ್ರಮವನ್ನು ತಿರುಗಿಸಿ. ಇವತ್ತು ದಕ್ಕೆಗೆ (ಮೀನುಗಾರಿಕೆ ಬಂದರಿಗೆ) ಯಾವ ಮೀನು ಬಂದಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಮಾರುಕಟ್ಟೆ

ಬೆಳಿಗ್ಗೆ ಮೀನು ಮಾರುಕಟ್ಟೆಗೆ ಒಂದು ಸುತ್ತು ಹೋಗಿ. ‘ಅಕ್ಕಾ, ಇನಿ ವಾ ಮೀನ್ ಉಂಡು?’ (ಇವತ್ತು ಯಾವ ಮೀನಿದೆ?) ಎಂದು ತುಳುವಿನಲ್ಲಿ ಕೇಳಿದರೆ ಸಾಕು, ಉತ್ತರದ ಜೊತೆ ದರವೂ ಸಿಗುತ್ತದೆ. ಯಾವುದು ರಾಶಿ ಬಿದ್ದಿದೆ, ಯಾವುದು ನಾಲ್ಕೇ ತುಂಡು ಇದೆ ಎಂದು ನೋಡಿಟ್ಟುಕೊಳ್ಳಿ. ಮಧ್ಯಾಹ್ನ ತಿನ್ನಬೇಕಾದದ್ದು ರಾಶಿ ಬಿದ್ದದ್ದನ್ನು.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟ್‌ಗಳು ಕಡಲಿಗಿಳಿಯುವಂತಿಲ್ಲ. ಆಗ ಊರಿನ ತಾಜಾ ಮೀನೆಂದರೆ ನಾಡದೋಣಿಯವರು ತಂದದ್ದು, ಜೊತೆಗೆ ನದಿ ಕಡಲು ಸೇರುವ ಅಳಿವೆಯ ಸಿಗಡಿ, ಏಡಿ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಅಲ್ಲಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ಬರುತ್ತದೆ. ಜುಲೈ ಮಳೆಯಲ್ಲೂ ಮೆನುವಿನ ಅಷ್ಟೂ ಮೀನು ‘ಇದೆ’ ಎನ್ನುವ ಹೋಟೆಲ್ ಫ್ರೀಜರ್ ನಂಬಿ ನಡೆಯುತ್ತಿದೆ ಎಂದುಕೊಳ್ಳಿ. ಫ್ರೀಜರ್ ಮೀನು ತಪ್ಪಲ್ಲ, ಅದಕ್ಕೆ ತಾಜಾ ಮೀನಿನ ದರ ಕೊಡುವುದು ತಪ್ಪು.

ಯಾರನ್ನು, ಹೇಗೆ ಕೇಳುವುದು

ಆಟೋದವರನ್ನು ‘ಒಳ್ಳೆಯ ಹೋಟೆಲ್ ಯಾವುದು?’ ಎಂದು ಕೇಳಿದರೆ ಪ್ರವಾಸಿಗರ ಹೋಟೆಲ್ ತೋರಿಸುತ್ತಾರೆ. ‘ನೀವು ಊಟಕ್ಕೆ ಎಲ್ಲಿಗೆ ಹೋಗ್ತೀರಿ ಅಣ್ಣಾ?’ ಎಂದು ಕೇಳಿ. ಎರಡು ಹೆಸರು ಸಿಕ್ಕ ಮೇಲೆ ಹನ್ನೊಂದರ ಹೊತ್ತಿಗೆ ಅಲ್ಲಿಗೆ ಫೋನ್ ಮಾಡಿ, ಇವತ್ತು ಏನೇನಿದೆ ಎಂದು ವಿಚಾರಿಸಿ. ‘ಬಂಗುಡೆ, ನಂಗ್ ಇದೆ, ಮಾಂಜಿ ಇಲ್ಲ’ (ಮ್ಯಾಕೆರೆಲ್, ಸೋಲ್ ಇದೆ, ಪಾಂಫ್ರೆಟ್ ಇಲ್ಲ) ಎಂಬ ಉತ್ತರ ಬಂದರೆ ಹೊರಡಿ. ‘ಎಲ್ಲ ಇದೆ ಸರ್’ ಎಂದರೆ ಇನ್ನೊಂದು ನಂಬರಿಗೆ ಫೋನ್ ಮಾಡಿ. ಮ್ಯಾಪ್‌ನಲ್ಲಿ ನಕ್ಷತ್ರ ಎಣಿಸುವುದಕ್ಕಿಂತ ಕಳೆದ ಒಂದು ತಿಂಗಳ ಊಟದ ತಟ್ಟೆಯ ಫೋಟೊ ನೋಡುವುದು ಮೇಲು.

ಹನ್ನೆರಡೂವರೆಯಿಂದ ಒಂದೂವರೆ ಒಳಗೆ ಹೋಗಿ. ಸಣ್ಣ ಊಟದ ಹೋಟೆಲ್‌ಗಳಲ್ಲಿ ಎರಡರ ನಂತರ ಉಳಿಯುವುದು ಸಾರು ಮಾತ್ರ.

ಬೂತಾಯಿ ಪರೀಕ್ಷೆ

ಅಡುಗೆಮನೆಯನ್ನು ಅಳೆಯಲು ಅಂಜಲ್ (ಸುರ್ಮಾಯಿ) ತರಿಸಬೇಡಿ. ಅದು ಐಸ್‌ನಲ್ಲಿ ಚೆನ್ನಾಗಿ ತಡೆಯುತ್ತದೆ. ವಾರಕ್ಕೂ ಹೆಚ್ಚು ಕಡಲಲ್ಲಿರುವ ಆಳಸಮುದ್ರದ ಬೋಟ್‌ನಿಂದ ಬಂದದ್ದಾದರೂ ಹುರಿದ ಮೇಲೆ ಸುಲಭಕ್ಕೆ ತಿಳಿಯದು. ಬೂತಾಯಿ (ಸಾರ್ಡೀನ್), ಬಂಗುಡೆ ಹಾಗಲ್ಲ. ಇವುಗಳನ್ನು ಹೆಚ್ಚಾಗಿ ಅದೇ ದಿನ ಮರಳುವ, ಸುತ್ತುಬಲೆ ಬೀಸುವ ಪರ್ಸೀನ್ ಬೋಟ್‌ಗಳು ತರುತ್ತವೆ. ಎಣ್ಣೆಯಂಶ ಜಾಸ್ತಿ ಇರುವುದರಿಂದ ಬೇಗ ಕೆಡುತ್ತವೆ, ಅಗ್ಗವಾದ್ದರಿಂದ ಯಾರೂ ಜೋಪಾನ ಮಾಡುವುದಿಲ್ಲ. ಇವನ್ನು ಚೆನ್ನಾಗಿ ಬಡಿಸುವ ಕಡೆ ಉಳಿದದ್ದನ್ನೂ ನಂಬಬಹುದು.

ಮೊದಲ ಬಾರಿಗೆ ಒಂದು ಬಂಗುಡೆ ತವಾ ಫ್ರೈ, ಒಂದು ಬೂತಾಯಿ ಪುಳಿಮುಂಚಿ ಸಾರು ಹೇಳಿ. ರವಾ ಫ್ರೈ ಬೇಡ, ದಪ್ಪ ರವೆಯೊಳಗೆ ಹಳೆಯ ಮೀನೂ ಅಡಗುತ್ತದೆ. ತಾಜಾ ಮೀನಿನ ಮಾಂಸ ಪದರಪದರವಾಗಿ ಬಿಡುತ್ತದೆ. ಮೆತ್ತಗೆ ಹಿಟ್ಟಿನಂತಾಗಿದ್ದರೆ ಹಳತು, ಸ್ಪಂಜಿನಂತೆ ಒಣಗಿದ್ದರೆ ಫ್ರೀಜರ್‌ನದು. ಪುಳಿಮುಂಚಿಯಲ್ಲಿ ಹುಳಿ, ಖಾರ ಎರಡೂ ಮುಂದಿರಬೇಕು. ಸಾರು ನಿನ್ನೆಯದಾದರೆ ರುಚಿ ಹೆಚ್ಚೇ ಎನ್ನುವವರು ಇಲ್ಲಿ ಬಹಳ. ಮೀನು ಹಿಡಿದಂದೇ ಪಾತ್ರೆಗೆ ಬಿದ್ದಿದ್ದರೆ ಆ ಮಾತು ಒಪ್ಪಬಹುದು.

ಬಂಗುಡೆ ತಿನ್ನುವಾಗ ನಾಲಿಗೆ ಕಾಳುಮೆಣಸು ತಾಗಿದಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ಐಸ್ ಇಲ್ಲದೆ ಬಿಟ್ಟ ಇಂಥ ಮೀನಿನಲ್ಲಿ ಬ್ಯಾಕ್ಟೀರಿಯಾದಿಂದ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಸೇರಿಕೊಳ್ಳುತ್ತದೆ; ಎಷ್ಟು ಹುರಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ ತಲೆನೋವು, ತುರಿಕೆ ಬಂದರೆ ವೈದ್ಯರ ಬಳಿ ಹೋಗಿ. ಚಿಪ್ಪುಮೀನಿನ ಒಣ ಪಲ್ಯವಾದ ಮರುವಾಯಿ ಸುಕ್ಕದಲ್ಲಿ ಬೆಂದರೂ ಬಾಯಿ ಬಿಡದ ಚಿಪ್ಪನ್ನು ಬದಿಗಿಡಿ.

ಮಾಂಜಿ, ಅಂಜಲ್, ಏಡಿಗೆ ದರ ಗಾತ್ರದ ಮೇಲೆ. ಹಸಿ ಮೀನು ತೋರಿಸಲು ಹೇಳಿ, ತೂಕ ಸ್ವಚ್ಛ ಮಾಡುವ ಮೊದಲಿನದೋ ನಂತರದ್ದೋ ಎಂದು ಕೇಳಿ, ಮೊತ್ತ ತಿಳಿದ ಮೇಲೆಯೇ ಒಪ್ಪಿ.

ಸುಶಿ ಬೇಕೆಂದರೆ

ಸುಶಿ ಎಂದರೆ ಅನ್ನದ ಜೊತೆ ಹೆಚ್ಚಾಗಿ ಹಸಿ ಮೀನಿಟ್ಟು ಮಾಡುವ ಜಪಾನಿ ತಿನಿಸು. ದಕ್ಕೆಯ ತಾಜಾ ಮೀನು ಹಸಿಯಾಗಿ ತಿನ್ನಲು ಯೋಗ್ಯ ಎಂಬುದು ತಪ್ಪು ಲೆಕ್ಕ. ಕಡಲ ಮೀನಿನಲ್ಲಿ ಇರಬಹುದಾದ ಪರೋಪಜೀವಿ ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ 15 ಗಂಟೆ ಇಡಬೇಕು. ಇದರಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಹಾಗಾಗಿ ಮೊದಲಿನಿಂದಲೂ ಐಸ್ ತಪ್ಪಿರಬಾರದು. ಹಸಿ ಮೀನು ಎಲ್ಲಿಯದು, ಹೇಗೆ ಫ್ರೀಜ್ ಆಗಿದೆ ಎಂದು ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಬೆಂದ ಸಿಗಡಿಯದೋ ಕ್ರ್ಯಾಬ್ ಸ್ಟಿಕ್‌ನದೋ ರೋಲ್ ತೆಗೆದುಕೊಳ್ಳಿ. ಕ್ರ್ಯಾಬ್ ಸ್ಟಿಕ್ ಏಡಿಯಲ್ಲ, ಸುರಿಮಿ, ಅಂದರೆ ಅರೆದ ಮೀನಿನ ಮುದ್ದೆ. ನಮ್ಮ ದೇಶದಲ್ಲಿ ಸುರಿಮಿಗೆ ಹೆಚ್ಚಾಗಿ ಹೋಗುವುದು ರಾಣಿ ಮೀನು.

ಅನ್ನ ಮೈಬಿಸಿಯಷ್ಟು ಬೆಚ್ಚಗಿರಬೇಕು, ಕಡಲಪಾಚಿಯ ಹಾಳೆ ಗರಿಗರಿಯಾಗಿರಬೇಕು. ಫ್ರಿಜ್‌ನಿಂದ ತೆಗೆದ ಅನ್ನ ಗಟ್ಟಿ, ಹಾಳೆ ಚರ್ಮದಂತೆ ಜಗ್ಗುತ್ತದೆ. ಹೀಗಾಗಿ ಸುಶಿಯನ್ನು ಪಾರ್ಸೆಲ್ ಮಾಡಿಸದೆ ಅಲ್ಲೇ ಕುಳಿತು ತಿನ್ನಿ.